ಆ ತಾಮ್ರದ ಕತ್ತಿ ಇನ್ನೂ ಪೆಟ್ಟಿಗೇಲಿದೆ ಕಣೋ

ಮಗಾ,

ಮೊನ್ನೆ ಫೋನಲ್ಲಿ ನೀನು "ಟೆರಾರಿಯಾ ಇನ್ನೂ ಇದ್ಯೇನೋ, ಅದು ಅವತ್ತೇ ನಿಂತೋಯ್ತಲ್ಲ" ಅಂದೆ, ಅಷ್ಟೊತ್ತಿಗೆ ಪಾಪು ಎದ್ದು ಅಳೋಕೆ ಶುರು ಮಾಡ್ತು, ಫೋನ್ ಇಟ್ಬಿಟ್ಟೆ. ಹೇಳ್ಬೇಕು ಅನ್ಕೊಂಡಿದ್ದು ಎಲ್ಲಾ ಹಾಗೇ ಉಳ್ಕೊಂಡಿದೆ, ಅದಕ್ಕೆ ಬರೀತಿದೀನಿ. ಎಲ್ರಿಗೂ ಕಾಣೋ ಹಾಗೇ ಹಾಕ್ತೀನಿ, ನಮ್ ಥರ ಅವಾಗ ಆ ಕಂಪ್ಯೂಟರ್ ಆಟ ಆಡಿ ಬಿಟ್ಟೋರು ಇನ್ನೂ ಇರ್ತಾರೆ.

ನೀನು ಹೇಳಿದ್ದು ಸುಳ್ಳಲ್ಲ. 2012ರ ಫೆಬ್ರವರಿಲಿ ಆಟ ಮಾಡಿದೋರು ಇನ್ಮುಂದೆ ಹೊಸದೇನೂ ಬರಲ್ಲ ಅಂತ ಹೇಳಿದ್ರು, ತಪ್ಪು ತಿದ್ದೋ ಒಂದು ಬಗ್ ಫಿಕ್ಸ್ ಕೊಟ್ಟು ಸುಮ್ನಾದ್ರು. ಅವಾಗ ನಾವು ಸರಸ್ವತಿಪುರಂ ರೂಮಲ್ಲಿದ್ವಿ, ಎರಡು ಲ್ಯಾಪ್‌ಟಾಪ್ ಮಧ್ಯ ಒಂದು ಲ್ಯಾನ್ ಕೇಬಲ್, ನೀನು ಹೋಸ್ಟ್, ಅಂದ್ರೆ ಆಟ ನಿನ್ನ ಲ್ಯಾಪ್‌ಟಾಪಲ್ಲಿ ನಡೆಯೋದು, ನಾನು ಅದಕ್ಕೆ ಸೇರ್ಕೊಳ್ಳೋದು. ಆ ಸುದ್ದಿ ಓದಿ ನೀನು ಎರಡು ದಿನ ಮಾತೇ ಆಡ್ಲಿಲ್ಲ. ಆಮೇಲೆ ನಿನಗೆ ಕೆಲಸ ಸಿಕ್ತು, ಊರು ಬಿಟ್ಟೆ, ಆಟಾನೂ ಬಿಟ್ಟೆ. ಹಂಗಾಗಿ ಕಥೆ ನಿನಗೆ ಅರ್ಧಾನೇ ಗೊತ್ತಿರೋದು.

ಮೊದಲು ಆ ಅರ್ಧ ಎಷ್ಟು ಬೇಗ ಆಯ್ತು ನೋಡು. ಆಂಡ್ರ್ಯೂ ಸ್ಪಿಂಕ್ಸ್, ಆಡೋರೆಲ್ಲ ರೆಡಿಜಿಟ್ ಅಂತ ಕರೆಯೋದು, ಅಮೆರಿಕದ ಇಂಡಿಯಾನಾ ಕಡೆಯವನು. 2011ರ ಜನವರಿಲಿ ಕೋಡ್ ಬರಿಯೋಕೆ ಕೂತಿದ್ದು, ಮೇ 16ಕ್ಕೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಆಟ ಮಾರಾಟಕ್ಕೆ ಬಂತು! ಐದು ತಿಂಗಳೂ ಪೂರ್ತಿ ಆಗಿಲ್ಲ. ಅದಕ್ಕೂ ಮುಂಚೆ ಅವನು ಮಾರಿಯೋ ಮೇಲಿನ ಪ್ರೀತಿಗೆ ವಿಷುವಲ್ ಬೇಸಿಕಲ್ಲಿ ಒಂದು ಫ್ಯಾನ್ ಗೇಮ್ ಬರ್ದಿದ್ದ, ಕೈ ಪಳಗಿದ್ದೆಲ್ಲ ಅಲ್ಲೇ ಅನ್ಸುತ್ತೆ ನನಗೆ. ಜೊತೆಗೆ ಇದ್ದೋರು ಬೆರಳೆಣಿಕೆ ಜನ, ಚಿತ್ರ ಬರೆದ ಫಿನ್ ಬ್ರೈಸ್ ಆಮೇಲೆ ಬೇರೆ ಹೋಗಿ ಸ್ಟಾರ್‌ಬೌಂಡ್ ಅನ್ನೋ ಆಟ ಮಾಡಿದ. ನಾವು ರಾತ್ರಿಯೆಲ್ಲ ಕೇಳ್ತಿದ್ದ ಆ ಮ್ಯೂಸಿಕ್ ಸ್ಕಾಟ್ ಲಾಯ್ಡ್ ಶೆಲ್ಲಿದು. ಅವಾಗ ಮೈನ್‌ಕ್ರಾಫ್ಟ್ ಇನ್ನೂ ಬೀಟಾದಲ್ಲಿ, ಅಂದ್ರೆ ಪರೀಕ್ಷೆ ಹಂತದಲ್ಲಿತ್ತು, ಎಲ್ರೂ ಇದನ್ನ ಟೂಡಿ ಮೈನ್‌ಕ್ರಾಫ್ಟ್ ಅಂತ ತಳ್ಳಿಹಾಕೋರು, ನಿನಗೆ ಆ ಮಾತು ಕೇಳಿದ್ರೆ ಉರಿಯೋದು. ಸರಿಯಾಗೇ ಉರೀತಿತ್ತು ನಿನಗೆ. ಅಗಿಯೋದು ಕಟ್ಟೋದು ಎರಡರಲ್ಲೂ ಇದೆ, ಆದ್ರೆ ಇಲ್ಲಿ ಅಗೆದಷ್ಟೂ ಕೆಳಗೆ ಯಾವುದೋ ದೊಡ್ಡ ಶತ್ರು ಕಾಯ್ತಿರುತ್ತೆ, ಅದನ್ನ ಹೊಡೆದ್ರೆ ಇಡೀ ಪ್ರಪಂಚದ ನಿಯಮಾನೇ ಬದಲಾಗುತ್ತೆ. ನೆನಪಿದ್ಯಾ, ಡಿಸೆಂಬರಲ್ಲಿ 1.1 ಅನ್ನೋ ಅಪ್‌ಡೇಟ್ ಬಂದಾಗ ಆಟದಲ್ಲಿರೋ ಗೈಡ್ ಅನ್ನೋ ಪಾತ್ರದ ಗೊಂಬೆನ ಲಾವಾಗೆ ಹಾಕಿದ್ವಿ, ಆ ಮಾಂಸದ ಗೋಡೆ ಎದ್ದು ಬಂತು, ನೀನು ಓಡ್ತಾ ಓಡ್ತಾ ಕಿರುಚಿದ್ದಕ್ಕೆ ಕೆಳಗಿನಿಂದ ಓನರ್ ಅಂಕಲ್ ಮೇಲೆ ಬಂದಿದ್ರು.

ಈಗ ನಿನಗೆ ಗೊತ್ತಿಲ್ಲದೇ ಇರೋದು. 2013 ಶುರುನಲ್ಲೇ ರೆಡಿಜಿಟ್ ವಾಪಸ್ ಬಂದ. ಅಕ್ಟೋಬರ್ 1ಕ್ಕೆ 1.2 ಬಂತು, ಒಂದು ಸಾವಿರಕ್ಕೂ ಜಾಸ್ತಿ ಹೊಸ ಐಟಮ್ಸ್, ಅದೂ ಫ್ರೀ. ನಾನು ನಂಬಲೇ ಇಲ್ಲ, ಡೌನ್‌ಲೋಡ್ ಆಗೋದನ್ನೇ ನೋಡ್ತಾ ಕೂತಿದ್ದೆ, ನಿನಗೆ ಮೆಸೇಜ್ ಹಾಕಿದ್ದೆ, ನೀನು ಆಮೇಲೆ ನೋಡ್ತೀನಿ ಅಂದಿದ್ದೆ. 2015ರ ಜೂನ್ 30ಕ್ಕೆ 1.3, ಅದರಲ್ಲಿ ಮೂನ್ ಲಾರ್ಡ್ ಅಂತ ಕೊನೇ ಶತ್ರು ಬಂದ. ಮಧ್ಯದಲ್ಲಿ ಅದರ್‌ವರ್ಲ್ಡ್ ಅಂತ ಇನ್ನೊಂದು ಆಟ ಮಾಡ್ತೀವಿ ಅಂತ ಹೊರಟಿದ್ರು, ವರ್ಷಗಟ್ಟಲೆ ಕೆಲಸ ನಡೀತು, ಸ್ಟುಡಿಯೋನೂ ಬದಲಾಯಿಸಿದ್ರು, ಆದ್ರೂ 2018ರಲ್ಲಿ ಪೂರ್ತಿ ಕೈಬಿಟ್ರು. ಮಾಡಿದ್ದು ತಮಗೇ ಸಮಾಧಾನ ಇಲ್ಲ ಅಂದ್ರೆ ಕೈಬಿಡೋದೂ ಧೈರ್ಯದ ಕೆಲಸಾನೇ ಕಣೋ.

ಆಮೇಲೆ ಜರ್ನೀಸ್ ಎಂಡ್ ಅಂತ ಹೆಸರಿಟ್ಟು 1.4 ತಂದ್ರು, ಇದೇ ದೊಡ್ಡ ಕೊನೇ ಅಪ್‌ಡೇಟ್ ಅಂದ್ರು. ಬಂದಿದ್ದು 2020ರ ಮೇ 16ಕ್ಕೆ, ಸರಿಯಾಗಿ ಒಂಬತ್ತನೇ ಹುಟ್ಟುಹಬ್ಬಕ್ಕೆ. ಲಾಕ್‌ಡೌನ್ ಟೈಮು, ರೂಮಲ್ಲಿ ಒಬ್ನೇ ಇದ್ದೆ, ಆ ತಿಂಗಳು ಈ ಆಟ ಇಲ್ದೇ ಇದ್ದಿದ್ರೆ ನನಗೆ ತುಂಬಾ ಕಷ್ಟ ಆಗ್ತಿತ್ತು. ಅದೇ ದಿನ ಆಡೋರೇ ಕಟ್ಟಿದ್ದ, ಬೇರೆಯೋರು ಮಾಡಿದ ಬದಲಾವಣೆಗಳನ್ನ ಆಟಕ್ಕೆ ಸೇರಿಸೋ ಟಿಮಾಡ್‌ಲೋಡರ್‌ನೂ ಸ್ಟೀಮಲ್ಲಿ ಅಧಿಕೃತವಾಗಿ ಫ್ರೀಯಾಗಿ ಕೊಟ್ರು. ಎಂಡ್ ಅಂದ್ರೂ ನಿಲ್ಲಲಿಲ್ಲ. 2021ರ ಸ್ಟೀಮ್ ಅವಾರ್ಡಲ್ಲಿ ಹಳೇ ಆಟನ ಇನ್ನೂ ಪ್ರೀತಿಯಿಂದ ನೋಡ್ಕೊಳ್ಳೋರಿಗೆ ಕೊಡೋ ಲೇಬರ್ ಆಫ್ ಲವ್ ಪ್ರಶಸ್ತಿ ಇದಕ್ಕೇ ಬಂತು, ಥ್ಯಾಂಕ್ಸ್ ಹೇಳೋ ಹಾಗೆ 2022ರ ಸೆಪ್ಟೆಂಬರಲ್ಲಿ ಬಂದ 1.4.4ಗೆ ಅದೇ ಹೆಸರಿಟ್ರು. ಅಷ್ಟೊತ್ತಿಗೆ ನಾಲ್ಕು ಕೋಟಿ ನಲವತ್ತು ಲಕ್ಷಕ್ಕೂ ಜಾಸ್ತಿ ಕಾಪಿ ಹೋಗಿತ್ತು.

ಇಷ್ಟೆಲ್ಲಾ ಆದ್ರೂ 2011ರಲ್ಲಿ ಒಂದ್ಸಲ ದುಡ್ಡು ಕೊಟ್ಟೋರ ಹತ್ರ ಈ ಅಪ್‌ಡೇಟ್‌ಗಳಿಗೆ ಅಂತ ಮತ್ತೆ ಒಂದು ರೂಪಾಯಿ ಕೇಳಿಲ್ಲ ನೋಡು. ನಾನು ದಿನಾ ಆಫೀಸಲ್ಲಿ ಯಾವ ಫೀಚರ್‌ಗೆ ಎಷ್ಟು ವಸೂಲಿ ಮಾಡ್ಬಹುದು ಅನ್ನೋ ಮೀಟಿಂಗಲ್ಲೇ ಕೂರೋನು, ನನಗೆ ಇದು ಎಷ್ಟು ದೊಡ್ಡದು ಅಂತ ಗೊತ್ತು.

ಇನ್ನೊಂದು ಹೇಳ್ತೀನಿ, ಇದು ನನಗೆ ಎಲ್ಲಕ್ಕಿಂತ ಇಷ್ಟ. ಟೆರಾರಿಯಾ ಬರ್ದಿದ್ದು ಸಿ ಶಾರ್ಪ್ ಅನ್ನೋ ಪ್ರೋಗ್ರಾಮಿಂಗ್ ಭಾಷೇಲಿ, ಗೇಮ್ ಮಾಡೋಕೆ ಅಂತ ಮೈಕ್ರೋಸಾಫ್ಟ್ ಕೊಟ್ಟಿದ್ದ ಎಕ್ಸ್‌ಎನ್‌ಎ ಅನ್ನೋ ಟೂಲ್ಸ್ ಮೇಲೆ. ಮೈಕ್ರೋಸಾಫ್ಟ್ ಎಕ್ಸ್‌ಎನ್‌ಎನ ಕೈಬಿಡ್ತು, ಆಗ ಅದನ್ನ ಓಪನ್ ಸೋರ್ಸಲ್ಲಿ, ಅಂದ್ರೆ ಯಾರು ಬೇಕಾದ್ರೂ ಬಳಸೋ ಹಾಗೆ, ಹೊಸದಾಗಿ ಬರೆದು ಉಳಿಸಿದ್ದು ಎಫ್‌ಎನ್‌ಎ ಅನ್ನೋ ಪ್ರಾಜೆಕ್ಟು. 2023ರಲ್ಲಿ ಯೂನಿಟಿ ಅನ್ನೋ ಗೇಮ್ ಎಂಜಿನ್ ಕಂಪನಿಯೋರು ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಹೊರಟು ಗಲಾಟೆ ಆಯ್ತಲ್ಲ, ಅವಾಗ ರೆಡಿಜಿಟ್‌ನ ಕಂಪನಿ ರೀ-ಲಾಜಿಕ್ ಎಫ್‌ಎನ್‌ಎಗೂ ಗೊಡೋ ಅನ್ನೋ ಓಪನ್ ಸೋರ್ಸ್ ಗೇಮ್ ಎಂಜಿನ್‌ಗೂ ತಲಾ ಒಂದು ಲಕ್ಷ ಡಾಲರ್ ಕೊಡ್ತು, ಮೇಲೆ ತಿಂಗಳಿಗೆ ತಲಾ ಒಂದು ಸಾವಿರ ಡಾಲರ್ ಕೊಡ್ತೀವಿ ಅಂತು. ಅವ್ರ ಮೇನ್ ಆಟ ಯೂನಿಟಿ ಮೇಲೇನೂ ನಿಂತಿರ್ಲಿಲ್ಲ. ಬೇರೆ ಸಣ್ಣ ಡೆವಲಪರ್‌ಗಳಿಗೆ ತೊಂದರೆ ಆಗುತ್ತೆ ಅಂತ ಸುಮ್ನೆ ಕೂರ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಹೋದ ವಾರ ಹಳೇ ಹಾರ್ಡ್ ಡಿಸ್ಕಲ್ಲಿ ನಮ್ಮ ವರ್ಲ್ಡ್ ಫೈಲ್ ಸಿಕ್ತು. ಆಟದ ಹೊಸ ವರ್ಶನ್‌ನಲ್ಲಿ ಹಾಕಿ ನೋಡ್ದೆ, ಓಪನ್ ಆಯ್ತು ಮಗಾ! ನಾವು ಕಟ್ಟಿದ್ದ ಮರದ ಮನೆ, ನೀನು ಛಾವಣಿ ಪೂರ್ತಿ ಮಾಡದೇ ಬಿಟ್ಟಿದ್ದ ಎಡಗಡೆ ರೂಮು, ಬಾಗಿಲ ಪಕ್ಕದ ಪೆಟ್ಟಿಗೆ. ಪೆಟ್ಟಿಗೆಲಿ ನೀನು ಮೊದಲ ದಿನಾನೇ ಕೆಲಸಕ್ಕೆ ಬಾರದ್ದು ಅಂತ ಹಾಕಿದ್ದ ತಾಮ್ರದ ಕತ್ತಿ, ಶುರುನಲ್ಲಿ ಎಲ್ರಿಗೂ ಕೊಡ್ತಾರಲ್ಲ ಅದೇ, ಹಾಗೇ ಇದೆ.

1.4ರಲ್ಲಿ ಝೆನಿತ್ ಅಂತ ಒಂದು ಕತ್ತಿ ಬಂದಿದೆ, ಇಡೀ ಆಟದ ಕೊನೇ ಕತ್ತಿ. ಅದನ್ನ ಮಾಡೋಕೆ ಹತ್ತು ಕತ್ತಿ ಸೇರಿಸ್ಬೇಕು, ಮೂನ್ ಲಾರ್ಡ್‌ನ ಹೊಡೆದ್ರೆ ಸಿಗೋ ಕತ್ತಿಗಳೂ ಅದರಲ್ಲಿವೆ. ಆ ಹತ್ತರಲ್ಲಿ ಒಂದು ಈ ತಾಮ್ರದ ಕತ್ತಿ ಕಣೋ.

ನಿನ್ನದನ್ನ ನಾನು ಮುಟ್ಟಿಲ್ಲ. ಶನಿವಾರ ಪಾಪು ಮಲಗಿದ ಮೇಲೆ ಬಾ, ಈ ಸಲ ನಾನೇ ಹೋಸ್ಟ್ ಮಾಡ್ತೀನಿ.

ನಿನ್ನ ರೂಮ್‌ಮೇಟ್