ಮಗಳಿಗೊಂದು ಪತ್ರ: ಗಾಂಧಾರಿ ಕೇಳಿದ ಪ್ರಶ್ನೆ

ಮಳವಳ್ಳಿ

ಚಿ. ಸೌ. ಮಗಳಿಗೆ ಅಪ್ಪ ಮಾಡುವ ಆಶೀರ್ವಾದಗಳು.

ಕಳೆದ ಭಾನುವಾರ ರಾತ್ರಿ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಊಟವಾಯಿತೇ, ಮಗು ಮಲಗಿತೇ ಎಂದು ಮಾತು ತಿರುಗಿಸಿಬಿಟ್ಟೆ. "ತಮ್ಮನಿಗಾಗಿ ಮೃತ್ಯುಂಜಯ ಜಪ ಮಾಡಿಸಿದಿರಿ. ಯಾರು ಕೇಳಿಸಿಕೊಂಡರು ಅಪ್ಪಾ? ಈಗಲೂ ಬೆಳಗಾಗೆದ್ದು ಯಾರಿಗೆ ಅರ್ಘ್ಯ ಬಿಡುತ್ತೀರಿ?" ಎಂದು ನೀನು ಕೇಳಿದ್ದೆ. ನಿನ್ನ ಧ್ವನಿಯಲ್ಲಿ ಸಿಟ್ಟಿಗಿಂತ ದಣಿವೇ ಹೆಚ್ಚಾಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಸಂಸ್ಕೃತ ಹೇಳಿಕೊಟ್ಟವನು ಸ್ವಂತ ಮಗಳ ಪ್ರಶ್ನೆಗೆ ಬಾಯಿ ಬಿಡಲಾರದೆ ಹೋದೆನಲ್ಲ ಎಂಬುದು ಚುಚ್ಚಿತು. ಮಾತಿನಲ್ಲಿ ಆಗದ್ದನ್ನು ಬರೆದು ತಿಳಿಸಲು ಪ್ರಯತ್ನಿಸುತ್ತೇನೆ.

ನಿನಗೆ ಈವರೆಗೆ ಹೇಳದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಕೊರೊನಾ ಹಬ್ಬಿದ್ದ 2021ರ ಆ ಚೈತ್ರ ಬಹುಳ ದಶಮಿಯ ದಿನ ನೀನು ಪುಣೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ನಿನ್ನ ತಮ್ಮನ ಅಂತ್ಯಕ್ರಿಯೆಯನ್ನು ಮೊಬೈಲಿನ ಪರದೆಯಲ್ಲಿ ನೋಡಿದೆ, ಅದೂ ನಡುನಡುವೆ ನಿಂತುಹೋಗುತ್ತಿತ್ತು. ಚಿತಾಗಾರದ ಹೊರಗೆ ಆಂಬುಲೆನ್ಸುಗಳು ಸಾಲುಗಟ್ಟಿದ್ದವು. ನಮಗೆ ಟೋಕನ್ ಕೊಟ್ಟು ಬೇವಿನ ಮರದ ಕೆಳಗೆ ಕೂರಿಸಿದರು. ನಾಲ್ಕು ಗಂಟೆ ಕಾದ ಮೇಲೆ, ತಲೆಯಿಂದ ಕಾಲಿನವರೆಗೆ ಬಿಳಿಯ ಕಿಟ್ ತೊಟ್ಟಿದ್ದ ಹುಡುಗನೊಬ್ಬ ಬಂದು, "ಮುಖ ನೋಡ್ತೀರಾ ಸಾರ್?" ಎಂದು ಕೇಳಿ, ಚೀಲದ ಜಿಪ್ಪನ್ನು ಒಂದು ಗೇಣಿನಷ್ಟು ಸರಿಸಿದ. ಹತ್ತು ಅಡಿ ದೂರದಿಂದ ನೋಡಿದೆ. ಹಣೆಯ ಮೇಲೆ ಕೂದಲು ಬಿದ್ದಿತ್ತು, ಚಿಕ್ಕವನಿದ್ದಾಗ ಬೀಳುತ್ತಿದ್ದ ಹಾಗೆಯೇ. ಅದನ್ನು ಸರಿಸಲು ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹುಡುಗ ತಡೆದ. ತಡೆದವನೇ ಸುತ್ತ ನೋಡಿ, ಕಿಟಕಿಯ ಮೇಲಿಟ್ಟಿದ್ದ ನೀರಿನ ಬಾಟಲಿ ತಂದು, "ನಿಮ್ಮಲ್ಲಿ ಬಾಯಿಗೆ ನೀರು ಬಿಡ್ತಾರಲ್ವಾ? ಹೇಳಿ ಸಾರ್, ನಾನು ಬಿಡ್ತೀನಿ" ಎಂದ. ನಾನು ನಾರಾಯಣ ನಾರಾಯಣ ಎನ್ನುತ್ತಿದ್ದೆ, ಅವನು ಮೂರು ಸಲ ನೀರು ಬಿಟ್ಟ. ಅದು ರಂಜಾನ್ ತಿಂಗಳು. ಆ ಹುಡುಗ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲವೆಂದು ಅವನ ಜೊತೆಯವರು ಆಮೇಲೆ ಹೇಳಿದರು. ಅವನ ಮುಖವನ್ನು ನಾನು ನೋಡಲೇ ಇಲ್ಲ, ಕಣ್ಣುಗಳನ್ನು ಮಾತ್ರ ನೋಡಿದೆ.

ಮಗ ನನಗೆ ಬಿಡಬೇಕಾಗಿದ್ದ ತಿಲೋದಕವನ್ನು, ಆ ಎಳ್ಳುನೀರನ್ನು, ನಾನು ಮಗನಿಗೆ ಬಿಟ್ಟೆ. ಅದರ ನಂತರದ ದಿನಗಳಲ್ಲಿ ಜನ ಫೋನು ಮಾಡಿ ಸಮಾಧಾನ ಹೇಳಿದರು. ಅವರ ಮನಸ್ಸು ಒಳ್ಳೆಯದೇ ಆಗಿತ್ತು. ಆದರೆ ಹೆಚ್ಚಿನವರ ಬಾಯಲ್ಲಿ ಬಂದದ್ದು ಒಂದೇ ಮಾತು: ಪೂರ್ವಜನ್ಮದ ಕರ್ಮ, ಋಣ ತೀರಿತು, ಹೋದ. ನಿನಗೂ ಯಾರೋ ಹಾಗೆಂದರು, ಅಂದಿನಿಂದ ನೀನು ದೇವರ ಮನೆಯ ಬಾಗಿಲು ಹಾಕಿಬಿಟ್ಟೆ ಎಂದು ಅಳಿಯಂದಿರು ಹೇಳಿದರು. ಅದಕ್ಕಾಗಿ ನಿನ್ನನ್ನು ಬೈಯಲು ನನ್ನಿಂದಾಗದು, ಏಕೆಂದರೆ ಆ ಮಾತು ಕೇಳಿ ನನಗೂ ಎದೆಯಲ್ಲಿ ಬೆಂಕಿ ಎದ್ದಿತ್ತು.

ಈ ಪ್ರಶ್ನೆ ನಮ್ಮ ಶಾಸ್ತ್ರಗಳಿಗೆ ಹೊಸದಲ್ಲ. ವೇದಾಂತದ ಮೂಲಗ್ರಂಥಗಳಲ್ಲೊಂದಾದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಬಾದರಾಯಣರು ಇದನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ಈಶ್ವರನಿಗೆ ವೈಷಮ್ಯ, ಅಂದರೆ ಪಕ್ಷಪಾತ, ಮತ್ತು ನೈರ್ಘೃಣ್ಯ, ಅಂದರೆ ನಿರ್ದಯತೆ, ಎಂಬ ಎರಡು ದೋಷಗಳು ಅಂಟುವುದಿಲ್ಲವೇ ಎಂಬುದು ಆಕ್ಷೇಪ. ಅವನು ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿ ಮಾಡುವುದರಿಂದ ಅಂಟುವುದಿಲ್ಲ ಎಂಬುದು ಸೂತ್ರದ ಉತ್ತರ. ಅದಕ್ಕೆ ಶಂಕರಾಚಾರ್ಯರು ಮಳೆಯ ಉದಾಹರಣೆ ಕೊಡುತ್ತಾರೆ: ಭತ್ತಕ್ಕೂ ಜವೆಗೂ ಮಳೆ ಒಂದೇ, ಬೆಳೆ ಬೇರೆಯಾಗುವುದು ಬೀಜದಿಂದ. ಮಂಡ್ಯ ಸೀಮೆಯ ಯಾವ ರೈತನಿಗಾದರೂ ಇದು ಥಟ್ಟನೆ ಅರ್ಥವಾಗುತ್ತದೆ. ತರ್ಕದಲ್ಲಿ ನಾನು ಇದನ್ನು ಇಂದಿಗೂ ಒಪ್ಪುತ್ತೇನೆ. ಆದರೆ ಹೊಲವೇ ಕೊಚ್ಚಿಕೊಂಡು ಹೋಗಿ ಬದುವಿನ ಮೇಲೆ ಕುಳಿತವನ ಹತ್ತಿರ ಹೋಗಿ ಬೀಜದ ವಿಚಾರ ಮಾತಾಡಬಾರದು. ಪಾಠಶಾಲೆಯಲ್ಲಿ ದೇವರ ಮೇಲಿನ ಅಪವಾದ ಕಳೆಯಲು ಹುಟ್ಟಿದ ವಾದವನ್ನು ಸಾವಿನ ಮನೆಗೆ ತಂದು, ಸತ್ತವನ ಮೇಲೆ ಅಪವಾದ ಹೊರಿಸುವುದಕ್ಕೆ ಬಳಸುವುದು ಮಹಾಪರಾಧವೆಂದೇ ನನ್ನ ಭಾವನೆ. ಕರ್ಮದ ಮಾತನ್ನು ಮನುಷ್ಯ ತನ್ನ ನೋವಿಗೆ ತಾನೇ ಹೇಳಿಕೊಂಡು ತಾಳ್ಮೆ ತಂದುಕೊಳ್ಳಬಹುದು. ಪಕ್ಕದವನ ನೋವಿನ ಮೇಲೆ ತೀರ್ಪು ಬರೆಯುವ ಅಧಿಕಾರ ಅದರಿಂದ ಯಾರಿಗೂ ಬರುವುದಿಲ್ಲ. ನಿನ್ನ ತಮ್ಮ ಯಾವ ಪಾಪಕ್ಕೂ ಸಾಯಲಿಲ್ಲ ಮಗಳೇ. ನಿನಗೆ ಹಾಗೆ ಹೇಳಿದವರು ತಿಳಿಯದೆ ಹೇಳಿದರು.

ಮತ್ತೊಂದು ಪಾಲಿದೆ, ಅದನ್ನು ದೇವರ ಖಾತೆಗೆ ಬರೆಯಲು ನನಗೆ ಮನಸ್ಸಿಲ್ಲ. ಆ ಮೇ ತಿಂಗಳ 2ರ ರಾತ್ರಿ ಚಾಮರಾಜನಗರದಲ್ಲಿ ಆಮ್ಲಜನಕ ಸಾಲದೆ ರೋಗಿಗಳು ಸತ್ತದ್ದನ್ನು ನಾಡೆಲ್ಲ ನೋಡಿತು. ನಾವೂ ಹಾಸಿಗೆಗಾಗಿ ಊರೂರು ತಿರುಗಿದೆವು. ಒಂದು ಆಸ್ಪತ್ರೆಯಲ್ಲಿ, ಹಾಸಿಗೆ ಇದೆ ಬನ್ನಿ ಎಂದು ಕರೆಸಿಕೊಂಡು, ಗೇಟಿನ ಹತ್ತಿರ ಇಲ್ಲವೆಂದರು. ಮನುಷ್ಯ ಮಾಡಬೇಕಾಗಿದ್ದು ಮಾಡದೆ ಉಳಿದಾಗ ಆಗುವ ಸಾವನ್ನು ವಿಧಿಲಿಖಿತವೆಂದು ಕರೆದರೆ, ಹೊಣೆ ಇದ್ದವರು ಆ ಮಾತಿನ ಮರೆಯಲ್ಲಿ ಅಡಗಿಕೊಳ್ಳುತ್ತಾರೆ. ಇದನ್ನು ಕಳೆದರೂ ಉಳಿಯುವುದೊಂದಿದೆ, ನಾನು ಬಲ್ಲೆ. ಆ ರೋಗವೇ ಏಕೆ ಬಂತು, ಅರವತ್ತೆಂಟರ ನನ್ನನ್ನು ಮುಟ್ಟಿ ಬಿಟ್ಟದ್ದು ಇಪ್ಪತ್ತೊಂಬತ್ತರ ಅವನನ್ನು ಏಕೆ ಒಯ್ದಿತು? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಇದೆ ಎಂದು ಹೇಳಿದರೆ ನಾನು ನಿನಗೆ ಸುಳ್ಳು ಹೇಳಿದ ಹಾಗಾಗುತ್ತದೆ.

ಉತ್ತರವಿಲ್ಲದ ಮೇಲೆ ಅರ್ಘ್ಯವೇಕೆ ಎಂದು ನೀನು ಕೇಳುತ್ತೀಯೆ. ಉತ್ತರಕ್ರಿಯೆಗಳೆಲ್ಲ ಮುಗಿದ ಮೇಲೆ ಎಷ್ಟೋ ತಿಂಗಳು ನಾನು ಮಣೆಯ ಮೇಲೆ ಸುಮ್ಮನೆ ಕೂರುತ್ತಿದ್ದೆ. ಮಂತ್ರ ಬಾಯಿಗೆ ಬರುತ್ತಿರಲಿಲ್ಲ. ಆಗ ಮಹಾಭಾರತದ ಅರಣ್ಯಪರ್ವವನ್ನು ಮತ್ತೆ ತೆಗೆದೆ. ದ್ವೈತವನದಲ್ಲಿ ದ್ರೌಪದಿ ಧರ್ಮರಾಜನಿಗೆ ಹೇಳುತ್ತಾಳೆ: ವಿಧಾತನು ಪ್ರಾಣಿಗಳೊಡನೆ ತಾಯಿತಂದೆಯರಂತೆ ನಡೆದುಕೊಳ್ಳುವುದಿಲ್ಲ, ಸಿಟ್ಟಿಗೆದ್ದ ಯಾರೋ ಹೊರಗಿನವನಂತೆ ನಡೆದುಕೊಳ್ಳುತ್ತಾನೆ. ನೀನು ಫೋನಿನಲ್ಲಿ ಹೇಳಿದ್ದು ಇದೇ ಮಾತು. ಧರ್ಮರಾಜ ಅವಳ ಮಾತು ಸೊಗಸಾಗಿದೆ ಎನ್ನುತ್ತಾನೆ, ಆದರೆ ನಾಸ್ತಿಕತೆಯದು ಎಂದು ಗದರಿಸುತ್ತಾನೆ. ನಾನು ನಿನ್ನನ್ನು ಗದರಿಸಲಾರೆ. ಆದರೆ ಅವನ ಉತ್ತರದಲ್ಲಿ ಬರುವ ಒಂದು ಪದ ನನ್ನನ್ನು ಹಿಡಿದು ನಿಲ್ಲಿಸಿತು: ಧರ್ಮವಾಣಿಜ್ಯಕ, ಧರ್ಮವನ್ನು ವ್ಯಾಪಾರ ಮಾಡುವವನು. ಕೊಡಬೇಕು ಎಂದು ಕೊಡುತ್ತೇನೆ, ಫಲಕ್ಕಾಗಿ ಅಲ್ಲ, ವ್ಯಾಪಾರ ಮಾಡುವವನು ಧರ್ಮವಾದಿಗಳಲ್ಲೆಲ್ಲ ಕೀಳು ಎನ್ನುತ್ತಾನೆ ಅವನು. ಈ ಶ್ಲೋಕವನ್ನು ಎಷ್ಟು ಬ್ಯಾಚಿನ ಮಕ್ಕಳಿಗೆ ಅನ್ವಯ ಮಾಡಿ ಹೇಳಿದ್ದೆನೋ ಲೆಕ್ಕವಿಲ್ಲ. ಅಂದು ಅದು ನನಗೇ ಹೇಳಿದಂತಿತ್ತು. ಮೂರು ಹೊತ್ತು ಸಂಧ್ಯಾವಂದನೆ, ಏಕಾದಶಿಯ ಉಪವಾಸ, ವರ್ಷಕ್ಕೊಮ್ಮೆ ಉಡುಪಿ, ಇಷ್ಟು ಮಾಡಿದರೆ ನನ್ನ ಮಕ್ಕಳಿಬ್ಬರ ಕೂದಲೂ ಕೊಂಕದು ಎಂದು ಯಾರೂ ಬರೆದುಕೊಡದ ಕರಾರೊಂದನ್ನು ನಾನೇ ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಮುರಿದುಬಿದ್ದದ್ದು ಆ ಕರಾರು. ದೇವರು ಅದಕ್ಕೆ ಯಾವತ್ತೂ ಸಹಿ ಹಾಕಿರಲಿಲ್ಲ.

ಇಷ್ಟಾದರೂ ಸಿಟ್ಟು ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲವೆಂದು ಸ್ತ್ರೀಪರ್ವ ಓದಿದಾಗ ತಿಳಿಯಿತು. ನಾವು ಯುದ್ಧಪರ್ವಗಳನ್ನೂ ಗೀತೆಯನ್ನೂ ಓದುತ್ತೇವೆ, ಸ್ತ್ರೀಪರ್ವವನ್ನು ಮನೆಯಲ್ಲಿ ಓದುವವರು ಕಡಮೆ. ಯುದ್ಧ ಮುಗಿದ ಮೇಲೆ ಗಾಂಧಾರಿ ಕೃಷ್ಣನನ್ನು ಪಕ್ಕದಲ್ಲಿಟ್ಟುಕೊಂಡು ರಣಭೂಮಿಯಲ್ಲಿ ಬಿದ್ದವರನ್ನು ಒಬ್ಬೊಬ್ಬರಾಗಿ ತೋರಿಸುತ್ತಾಳೆ. ಅಲ್ಲಿ ಉತ್ತರೆ ಅಭಿಮನ್ಯುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರಕ್ತ ಅಂಟಿದ ಕೂದಲನ್ನು ಬಿಡಿಸುತ್ತ, ಬದುಕಿರುವವನ ಜೊತೆಗೆಂಬಂತೆ ಮಾತಾಡುತ್ತಾಳೆ. ಅಷ್ಟಾದರೂ ಅವಳಿಗೆ ಸಿಕ್ಕಿತಲ್ಲ ಎಂದು ಅತ್ತುಬಿಟ್ಟೆ. ಚೀಲದ ಜಿಪ್ಪು ಕಣ್ಣ ಮುಂದೆ ಬಂತು. ಆ ಅಭಿಮನ್ಯು ಯಾರು ಎಂಬುದನ್ನೂ ಯೋಚಿಸು: ದೇವರ ಸ್ವಂತ ತಂಗಿಯ ಮಗ. ದೇವರು ಜೊತೆಯಲ್ಲಿದ್ದರೆ ಮನೆಯ ಮಕ್ಕಳು ಉಳಿಯುತ್ತಾರೆಂಬ ಭರವಸೆಯನ್ನು ವ್ಯಾಸರು ಎಲ್ಲಿಯೂ ಕೊಡಲಿಲ್ಲ.

ಕೊನೆಯಲ್ಲಿ ಗಾಂಧಾರಿ ಕೃಷ್ಣನತ್ತ ತಿರುಗಿ, ನೀನು ಸಮರ್ಥನಾಗಿದ್ದೆ, ತಡೆಯಬಹುದಾಗಿತ್ತು, ಬೇಕೆಂದೇ ಉಪೇಕ್ಷೆ ಮಾಡಿದೆ ಎನ್ನುತ್ತಾಳೆ. ಇದಕ್ಕಿಂತ ಕಠೋರವಾಗಿ ದೇವರನ್ನು ಯಾರಾದರೂ ಕೇಳಿದ್ದಾರೆಯೇ ನನಗೆ ಗೊತ್ತಿಲ್ಲ. ಇಂದಿನಿಂದ ಮೂವತ್ತಾರನೆಯ ವರ್ಷ ನಿನ್ನ ಕುಲವೂ ಹೀಗೆಯೇ ನಾಶವಾಗಲಿ, ನೀನು ಕಾಡಿನಲ್ಲಿ ಅನಾಥನಂತೆ ಸಾಯಿ ಎಂದು ಶಪಿಸುತ್ತಾಳೆ. ಕೃಷ್ಣ ನಗುತ್ತಾನೆ, ಹಾಗೆಯೇ ಆಗುತ್ತದೆ ಎನ್ನುತ್ತಾನೆ. ಮುಂದೆ ಅವಳ ತಪ್ಪನ್ನೂ ಎತ್ತಿ ಆಡುತ್ತಾನೆ, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಆದರೆ ಶಾಪವನ್ನು ತಳ್ಳುವುದಿಲ್ಲ. ಯಾದವರು ಅವನ ಕಣ್ಣೆದುರೇ ಬಡಿದಾಡಿ ಸಾಯುತ್ತಾರೆ, ಅವನು ಮರದ ಕೆಳಗೆ ಬೇಡನೊಬ್ಬನ ಬಾಣ ಕಾಲಿಗೆ ತಾಗಿ ಒಬ್ಬನೇ ದೇಹ ಬಿಡುತ್ತಾನೆ. ದುಃಖ ಏಕೆ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ಆದರೆ ಮಕ್ಕಳನ್ನು ಕಳೆದುಕೊಂಡ ಹೆಂಗಸು ಕೊಟ್ಟದ್ದನ್ನು ಕೈಯೊಡ್ಡಿ ತೆಗೆದುಕೊಂಡ ದೇವರು ಇವನು. ಇವನ ಮುಂದೆ ನಾನು ಕೂರಬಲ್ಲೆ ಎನಿಸಿತು. ಮರುದಿನ ಬೆಳಗ್ಗೆ ಅರ್ಘ್ಯ ಬಿಟ್ಟೆ. ಕೈ ನಡುಗುತ್ತಿತ್ತು.

ನಿನ್ನ ಅಮ್ಮನಿಗೆ ಇಷ್ಟು ಓದು ಬೇಕಾಗಲಿಲ್ಲ. ಅವಳು ಒಂದು ದಿನವೂ ದೀಪ ಬಿಟ್ಟವಳಲ್ಲ, ಒಂದು ದಿನವೂ ಜಗಳ ಬಿಟ್ಟವಳಲ್ಲ. ಬತ್ತಿ ಹೊಸೆಯುತ್ತ, "ಆವತ್ತು ಎಲ್ಲಿಗೆ ಹೋಗಿದ್ದೆ ನೀನು?" ಎಂದು ಕೃಷ್ಣನ ಪಟವನ್ನು ಕೇಳುವುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಎಷ್ಟೋ ಸಲ ಕೇಳಿದ್ದೇನೆ. ನಿನ್ನ ತಮ್ಮನ ಹುಟ್ಟುಹಬ್ಬದ ದಿನ ಗೊಜ್ಜವಲಕ್ಕಿ ಕಲಸಿ ನೈವೇದ್ಯಕ್ಕಿಟ್ಟು, "ನೀನಿಟ್ಟುಕೊಳ್ಳಬೇಡ, ಅವನಿಗೆ ತಲುಪಿಸು" ಎನ್ನುತ್ತಾಳೆ. ಗೀತೆಯ ಏಳನೆಯ ಅಧ್ಯಾಯದಲ್ಲಿ ತನ್ನನ್ನು ಭಜಿಸುವ ನಾಲ್ಕು ಬಗೆಯವರನ್ನು ಕೃಷ್ಣ ಹೆಸರಿಸುವಾಗ ಎಲ್ಲರಿಗಿಂತ ಮೊದಲು ಹೇಳುವುದು ಆರ್ತನನ್ನು, ಸಂಕಟದಲ್ಲಿ ಬಿದ್ದು ಕೂಗುವವನನ್ನು. ಜ್ಞಾನಿ ತನಗೆ ಹೆಚ್ಚು ಪ್ರಿಯನೆಂದರೂ, ನಾಲ್ವರೂ ಉದಾರರೇ ಎಂದು ಸೇರಿಸುತ್ತಾನೆ. ನಮ್ಮ ಹರಿದಾಸರು ದೇವರನ್ನು ಬೈಯುತ್ತಲೇ ಹೊಗಳುವ ನಿಂದಾಸ್ತುತಿ ಮಾಡಿದರಲ್ಲ, ಅವರೂ ಇದೇ ಸಲಿಗೆಯವರು. ನಿನ್ನ ಅಮ್ಮನ ಭಕ್ತಿ ನನ್ನ ಪಾಂಡಿತ್ಯಕ್ಕಿಂತ ದೊಡ್ಡದೆಂದು ಈಗ ನಿಸ್ಸಂಕೋಚವಾಗಿ ಬರೆಯುತ್ತೇನೆ.

ನಾನು ಬೇಡುವುದನ್ನೇನೂ ಬಿಟ್ಟಿಲ್ಲ. ನಿನಗಾಗಿ, ಮಗುವಿಗಾಗಿ ದಿನವೂ ಬೇಡುತ್ತೇನೆ. ಆದರೆ ಬೇಡಿದ್ದು ಸಿಗದಿದ್ದರೆ ಎದ್ದು ಹೋಗುತ್ತೇನೆಂಬ ಬೆದರಿಕೆ ಅದರೊಳಗೆ ಈಗಿಲ್ಲ. ನೋವು ಕಡಮೆಯಾಗಿದೆಯೇ ಎಂದರೆ, ಇಲ್ಲ. ಬೀದಿಯಲ್ಲಿ ಅವನ ಬೈಕಿನಂಥ ಸದ್ದು ಕೇಳಿದರೆ ಇಬ್ಬರೂ ತಲೆ ಎತ್ತುತ್ತೇವೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಆ ವರ್ಷ ಜೂನ್ 2ರಂದು ನಮ್ಮ ತಾಲ್ಲೂಕಿನ ಬೆಳಕವಾಡಿಯ ಬಳಿ, ವಾರಸುದಾರರು ಬಂದು ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಜನರ ಚಿತಾಭಸ್ಮವನ್ನು ಸರ್ಕಾರವೇ ತಂದು ಕಾವೇರಿಯಲ್ಲಿ ವಿಸರ್ಜನೆ ಮಾಡಿಸಿತು. ಸಾಲಾಗಿ ಇಟ್ಟಿದ್ದ ಮಡಕೆಗಳನ್ನು ಪತ್ರಿಕೆಯಲ್ಲಿ ನೋಡಿದೆ. ಅದೇ ಹೊಳೆಗೆ ಕೆಲವು ವಾರಗಳ ಹಿಂದೆ ನಾನು ನಿನ್ನ ತಮ್ಮನನ್ನು ಬಿಟ್ಟು ಬಂದಿದ್ದೆ. ಅಂದಿನಿಂದ ಅವನ ತಿಥಿಯ ದಿನ ತರ್ಪಣ ಬಿಡುವಾಗ, ಹೆಸರು ಗೋತ್ರ ಗೊತ್ತಿಲ್ಲದ ಅವರೆಲ್ಲರನ್ನೂ ನೆನೆದು ಇನ್ನೊಂದು ಬೊಗಸೆ ನೀರು ಬಿಡುತ್ತೇನೆ. ಆ ರಂಜಾನಿನ ಹುಡುಗ ನನ್ನ ಮಗನ ಬಾಯಿಗೆ ಬಿಟ್ಟ ನೀರು ನೆನಪಾಗುತ್ತದೆ. ನನ್ನ ಪ್ರಾರ್ಥನೆಯನ್ನು ಯಾರು ಕೇಳಿಸಿಕೊಂಡರು ಎಂದು ನೀನು ಕೇಳಿದೆಯಲ್ಲ, ಆ ಹುಡುಗ ಆ ಹೊತ್ತಿನಲ್ಲಿ ಅಲ್ಲಿದ್ದದ್ದನ್ನು ನಾನು ಲೆಕ್ಕದಿಂದ ಬಿಡಲಾರೆ. ಅದು ಸಾಲದು ಎಂದು ನೀನು ಹೇಳಬಹುದು. ಸಾಲದು ಎಂಬುದು ನನಗೂ ಗೊತ್ತು.

ಮುಂದಿನ ತಿಂಗಳು ತಿಥಿಗೆ ನೀನು ಬರುತ್ತೀಯೆಂದು ಅಳಿಯಂದಿರು ಹೇಳಿದ್ದಾರೆ. ದೀಪ ಹಚ್ಚು ಎಂದು ನಾನಾಗಲಿ ನಿನ್ನ ಅಮ್ಮನಾಗಲಿ ಹೇಳುವುದಿಲ್ಲ. ದೇವರ ಮನೆಯ ಹೊಸ್ತಿಲಲ್ಲಿ ಕುಳಿತು ಅವಳ ಜೊತೆಗೆ ನೀನೂ ಎರಡು ಮಾತು ಕೇಳಬೇಕೆನಿಸಿದರೆ ಕೇಳು, ಬೇಡವೆನಿಸಿದರೆ ಹಿತ್ತಲಲ್ಲಿ ನನ್ನ ಜೊತೆ ಕೂರು. ಹೊಸ ಹುಣಸೆಹಣ್ಣು ಬಂದಿದೆ, ಅಮ್ಮ ಬೀಜ ತೆಗೆದು ಜಾಡಿಗೆ ತುಂಬಿದ್ದಾಳೆ. ಅವನ ಬೈಕಿನ ಕೀಲಿ ಅದೇ ಮೊಳೆಯಲ್ಲಿದೆ.

ನಿನ್ನ ಅಪ್ಪ