ರವದಿಗೆ ಬೆಂಕಿ ಹಚ್ಚುವ ಮೊದಲು

ಪ್ರಿಯ ಗೆಳೆಯ,

ಆಸೆಯನ್ನೇ ಬಿಡು ಎಂದ ಬುದ್ಧನಿಗೂ ಹವಾಮಾನ ಬದಲಾವಣೆಯ ಈ ಬಿಸಿಲು, ನೆರೆಗಳಿಗೂ ಏನು ಸಂಬಂಧ ಎಂದು ನೀನು ಕೇಳಿದ್ದೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ಕಂಡವನು ನೀನು. ಈ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡಲಾರೆ.

ನನಗೆ ಉತ್ತರ ಸಿಕ್ಕಿದ್ದು ಭಿಕ್ಷುಗಳ ನಡತೆಯ ನಿಯಮಗಳಿರುವ ವಿನಯಪಿಟಕದಲ್ಲಿ. ಭಿಕ್ಷುಗಳು ಗಿಡ ಕಡಿಯುವಂತಿಲ್ಲ, ನೆಲ ಅಗೆಯುವಂತಿಲ್ಲ, ಜೀವಿಗಳಿವೆ ಎಂದು ತಿಳಿದ ನೀರನ್ನು ಬಳಸುವಂತಿಲ್ಲ. ಮಳೆಗಾಲದಲ್ಲೂ ತಿರುಗುವ ಭಿಕ್ಷುಗಳು ಎಳೆ ಹುಲ್ಲನ್ನೂ ಸಣ್ಣ ಜೀವಗಳನ್ನೂ ತುಳಿಯುತ್ತಾರೆಂದು ಜನ ದೂರಿದಾಗ, ಬುದ್ಧ ವರ್ಷಾವಾಸವನ್ನು, ಎಂದರೆ ಮಳೆಗಾಲದಲ್ಲಿ ಒಂದೇ ಕಡೆ ನೆಲೆಸುವುದನ್ನು, ವಿಧಿಸಿದ. ಹುಲ್ಲಿನ ಪರವಾಗಿ ಬಂದ ದೂರಿಗೆ ಇಡೀ ಸಂಘ ಒಂದೆಡೆ ನಿಂತಿತು!

ಬುದ್ಧನ ಶಿಷ್ಯ ಆನಂದನ ಪ್ರಸಂಗವಂತೂ ನನ್ನನ್ನು ಬಿಟ್ಟಿಲ್ಲ. ಕೌಶಾಂಬಿಯ ಅರಮನೆಯ ಹೆಂಗಸರು ಅವನಿಗೆ 500 ಬಟ್ಟೆಗಳನ್ನು ಕೊಡುತ್ತಾರೆ. ಇಷ್ಟೊಂದು ಏಕೆ ಎಂದು ರಾಜ ಉದಯನ ಸಿಟ್ಟಿನಿಂದ ಕೇಳುತ್ತಾನೆ. ಚೀವರ, ಅಂದರೆ ಭಿಕ್ಷುವಿನ ಉಡುಪು, ಹರಿದವರಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಹಳೆಯ ಚೀವರ? ಹಾಸಿಗೆಯ ಮೇಲುಹಾಸು. ಅದು ಹಳತಾದರೆ ಹಾಸಿಗೆಯ ಗವಸು. ಆಮೇಲೆ ನೆಲಹಾಸು, ಕಾಲೊರಸು, ಧೂಳೊರಸುವ ಅರಿವೆ. ಕೊನೆಗೆ ಅದನ್ನೂ ಜಜ್ಜಿ, ಕೆಸರಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ಆಸೆ ಬಿಡುವುದೆಂದರೆ ವಸ್ತುವನ್ನು ಎಸೆಯುವುದಲ್ಲ, ಅದರ ಕೊನೆಯ ಎಳೆಯವರೆಗೂ ಗೌರವಿಸುವುದು ಎಂದೇ ನಾನು ಓದಿಕೊಂಡಿದ್ದೇನೆ.

'ಇದು ಇದ್ದರೆ ಅದು ಇರುತ್ತದೆ, ಇದು ನಿಂತರೆ ಅದು ನಿಲ್ಲುತ್ತದೆ' ಎನ್ನುತ್ತದೆ ಪ್ರತೀತ್ಯಸಮುತ್ಪಾದ, ಎಲ್ಲವೂ ಕಾರಣಗಳಿಂದ ಹುಟ್ಟುತ್ತದೆ ಎಂಬ ಬುದ್ಧನ ತತ್ವ. ಕಲ್ಲಿದ್ದಲು, ತೈಲ ಸುಟ್ಟ ಅನಿಲದಿಂದ ಭೂಮಿ ಬಿಸಿಯಾಗುತ್ತಿದೆ. ಕಾರಣ ನಮ್ಮದು, ನಿಲ್ಲಿಸುವುದೂ ನಮ್ಮದೇ. 2015ರಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನಕ್ಕೆ ಮೊದಲು ದಲೈ ಲಾಮಾ, ತಿಚ್ ನಾತ್ ಹಾನ್ ಮೊದಲಾದ ಬೌದ್ಧ ಗುರುಗಳು ಒಂದು ಹೇಳಿಕೆಗೆ ಸಹಿ ಹಾಕಿ ಲೋಕದ ನಾಯಕರನ್ನು ಕೇಳಿದ್ದೂ ಇದನ್ನೇ.

ಕನಗನಹಳ್ಳಿಯ ಸ್ತೂಪದ ಶಿಲ್ಪದಲ್ಲಿ ಹೆಸರು ಕೆತ್ತಿಸಿಕೊಂಡು ನಿಂತಿರುವ ನಮ್ಮ ಅಶೋಕನ ಮಾತನ್ನು ಕಬ್ಬು ಬೆಳೆಯುವ ನಿನ್ನ ಅಣ್ಣನಿಗೆ ಹೇಳು. ಪಕ್ಕದ ಸನ್ನತಿಯಲ್ಲಿ ಸಿಕ್ಕ ಅವನ ಶಾಸನದ ಕಲ್ಲಿನಲ್ಲಿ ಅದಿಲ್ಲ; ಅವನ ಐದನೆಯ ಸ್ತಂಭಶಾಸನದಲ್ಲಿದೆ: ಜೀವಿಗಳಿರುವ ಹೊಟ್ಟನ್ನು ಸುಡಬಾರದು. ಕಬ್ಬು ಕಟಾವಾದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ, ಆ ರವದಿಗೆ ಬೆಂಕಿ ಹಚ್ಚಬೇಡಿ. ಆಳು ಸಿಗುವುದಿಲ್ಲ, ಕಡಿದ ಬುಡದಿಂದ ಚಿಗುರುವ ಕುಳೆ ಬೆಳೆಗೆ ತಡವಾಗುತ್ತದೆ ಎಂಬ ಕಷ್ಟ ನನಗೂ ಗೊತ್ತು. ಆದರೆ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿ ಸಗಣಿ ಬಗ್ಗಡ ಚಿಮುಕಿಸಿದರೆ ತೇವ ನಿಲ್ಲುತ್ತದೆ, ಕಳೆ ಕಡಿಮೆಯಾಗುತ್ತದೆ, ಕೊಳೆತು ಗೊಬ್ಬರವೂ ಆಗುತ್ತದೆ. ಈ ಸಲ ಒಂದು ಎಕರೆಯಲ್ಲಾದರೂ ಮಾಡಿ ನೋಡಲಿ. ಹಾಸುವ ದಿನ ಮುಂಚೆಯೇ ತಿಳಿಸು, ಅಫಜಲಪುರದ ಬಸ್ ಹಿಡಿದು ನಾನೂ ಬರುತ್ತೇನೆ.

ನಿನ್ನ ಗೆಳೆಯ,
ಕಲಬುರಗಿ