ಎಐ ಟೂಲ್‌ಗಳ ವಿವರಣೆ ಬರೆಯುವಾಗ ಲೆಕ್ಕಿಗರೂ ಜೊತೆಗಿರಲಿ

ಮಾನ್ಯ ಸಂಪಾದಕರೇ,

ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಈಗ ‘ಎಐ ಏಜೆಂಟ್’ ಹೆಸರಿನ ತಂತ್ರಾಂಶಗಳ ಮಾರಾಟ ಭರದಿಂದ ನಡೆದಿದೆ. ‘ಕಳೆದ ತಿಂಗಳು ಎಷ್ಟು ಮಾರಾಟವಾಯಿತು’, ‘ಯಾವ ಗಿರಾಕಿಯಿಂದ ಎಷ್ಟು ಬಾಕಿ ಬರಬೇಕು’ ಎಂದು ಮಾಲೀಕರು ಕನ್ನಡದಲ್ಲೇ ಕೇಳಿದರೂ ಕ್ಷಣಾರ್ಧದಲ್ಲಿ ಉತ್ತರ ಬರುತ್ತದೆ ಎಂಬುದು ಇವುಗಳ ಆಕರ್ಷಣೆ. ಉತ್ತರ ತಪ್ಪಿದಾಗ ಎಲ್ಲರೂ ಏಜೆಂಟ್‌ನ ಮಿದುಳಿನಂತಿರುವ ಎಐ ಮಾದರಿಯನ್ನೇ (ಮಾಡೆಲ್) ದೂರುತ್ತಾರೆ. ಆದರೆ ಲೆಕ್ಕಪತ್ರ ತಂತ್ರಾಂಶಗಳನ್ನು ಇಂಥ ಏಜೆಂಟ್‌ಗಳಿಗೆ ಜೋಡಿಸುವ ಕೆಲಸದಲ್ಲಿರುವ ನನ್ನ ಅನುಭವದಲ್ಲಿ, ಯಾರೂ ಗಮನಿಸದ ನಾಲ್ಕು ಸಾಲಿನ ಬರಹವೊಂದೇ ಎಷ್ಟೋ ಸಲ ತಪ್ಪಿನ ಮೂಲವಾಗಿರುತ್ತದೆ.

ಏಜೆಂಟ್ ತಾನಾಗಿ ಲೆಕ್ಕದ ಪುಸ್ತಕ ತೆರೆಯುವುದಿಲ್ಲ. ಮಾಹಿತಿ ತರಲು ಅದಕ್ಕೆ ಕೆಲವು ‘ಟೂಲ್’ಗಳನ್ನು ಒದಗಿಸಿರುತ್ತಾರೆ. ಪ್ರತಿ ಟೂಲ್‌ಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎಂಬ ವಿವರಣೆ, ಅದಕ್ಕೆ ಕೊಡಬೇಕಾದ ದಿನಾಂಕ, ಗಿರಾಕಿ ಸಂಖ್ಯೆ ಮುಂತಾದವುಗಳ ಪಟ್ಟಿ ಇರುತ್ತದೆ. ಎಐ ಕಂಪನಿಯಾದ ಆಂಥ್ರೊಪಿಕ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ, ಏಜೆಂಟ್‌ಗಳನ್ನು ಹೊರಗಿನ ತಂತ್ರಾಂಶಗಳಿಗೆ ಜೋಡಿಸಲು ಈಗ ಹಲವು ಕಂಪನಿಗಳು ಬಳಸುತ್ತಿರುವ ನಿಯಮಾವಳಿಯಾದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ನಲ್ಲೂ ವ್ಯವಸ್ಥೆ ಹೀಗೇ ಇದೆ. ಸಾಮಾನ್ಯವಾಗಿ ಟೂಲ್‌ನೊಳಗಿನ ಕೋಡ್ ಮಾದರಿಯ ಕಣ್ಣಿಗೆ ಬೀಳದು. ಯಾವ ಟೂಲ್ ಬಳಸಬೇಕು, ಬಂದ ಅಂಕಿಯ ಅರ್ಥವೇನು ಎಂಬುದನ್ನು ಅದು ಬಹುಮಟ್ಟಿಗೆ ಈ ವಿವರಣೆಯಿಂದಲೇ ತಿಳಿದುಕೊಳ್ಳಬೇಕು.

‘ಮಾರಾಟದ ಮಾಹಿತಿ ತರುತ್ತದೆ’ ಎಂಬಷ್ಟೇ ವಿವರಣೆ ಇರುವ ಟೂಲ್‌ಗಳನ್ನು ನಾನು ಧಾರಾಳವಾಗಿ ನೋಡಿದ್ದೇನೆ. ಈ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ, ವಾಪಸು ಬಂದ ಮಾಲಿಗಾಗಿ ಗಿರಾಕಿಯ ಲೆಕ್ಕದಲ್ಲಿ ಹಣ ಕಡಿತ ಮಾಡಿ ಕೊಡುವ ಕ್ರೆಡಿಟ್ ನೋಟ್‌ಗಳನ್ನು ಕಳೆದಿದೆಯೇ, ರದ್ದಾದ ಬಿಲ್‌ಗಳನ್ನು ಕೈಬಿಟ್ಟಿದೆಯೇ? ಶೇ 18ರಷ್ಟು ತೆರಿಗೆ ಬೀಳುವ ಸರಕಿನಲ್ಲಿ ಮೊದಲ ಪ್ರಶ್ನೆ ಇತ್ಯರ್ಥವಾಗದೆ ಉಳಿದರೆ ಒಂದು ಲಕ್ಷ ರೂಪಾಯಿಯ ವ್ಯಾಪಾರ 1,18,000 ರೂಪಾಯಿ ಎಂದು ಕಾಣಿಸುತ್ತದೆ. ನಮ್ಮ ಲೆಕ್ಕದಲ್ಲಿ ಮೊದಲ ತ್ರೈಮಾಸಿಕ ಏಪ್ರಿಲ್‌ನಿಂದ ಜೂನ್‌ವರೆಗೆ. ಹಾಗೆಂದು ಬರೆದಿರದಿದ್ದರೆ ಏಜೆಂಟ್ ಜನವರಿಯಿಂದ ಮಾರ್ಚ್‌ವರೆಗಿನ ಅಂಕಿಯನ್ನು ಎಳ್ಳಷ್ಟೂ ಅಳುಕಿಲ್ಲದೆ ಮುಂದಿಡಬಹುದು. ಸಮಯದ ವಿಚಾರವಂತೂ ಇನ್ನೂ ಸೂಕ್ಷ್ಮ. ಕ್ಲೌಡ್‌ನಲ್ಲಿರುವ ಎಷ್ಟೋ ದತ್ತಾಂಶ ಸಂಗ್ರಹಗಳು ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದಿರುವ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಸಮಯವನ್ನು ದಾಖಲಿಸುತ್ತವೆ. ಸಗಟು ವ್ಯಾಪಾರಿಯೊಬ್ಬರು ಏಪ್ರಿಲ್ 1ರ ನಸುಕಿನ 4 ಗಂಟೆಗೆ ಮಾಡಿದ ಬಿಲ್ ಅಲ್ಲಿ ಮಾರ್ಚ್ 31ರ ರಾತ್ರಿ 10.30ರದ್ದಾಗಿ, ಹಿಂದಿನ ಹಣಕಾಸು ವರ್ಷಕ್ಕೆ ಜಾರಿಬಿಡುತ್ತದೆ.

ಬಾಕಿ ವಸೂಲಿಯಲ್ಲಿ ಇದರ ಪರಿಣಾಮ ಇನ್ನೂ ನೇರ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದವಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಖರೀದಿದಾರರು ಸರಕು ಸ್ವೀಕರಿಸಿದ 45 ದಿನಗಳೊಳಗೆ ಹಣ ಪಾವತಿಸಬೇಕು. ಟೂಲ್ ದಿನ ಎಣಿಸುವುದು ಬಿಲ್ಲಿನ ದಿನಾಂಕದಿಂದಲೋ ಸ್ವೀಕೃತಿಯ ದಿನಾಂಕದಿಂದಲೋ ಎಂಬುದು ವಿವರಣೆಯಲ್ಲಿ ಇಲ್ಲದಿದ್ದರೆ, ಇನ್ನೂ ಗಡುವು ಮುಗಿಯದ ಗಿರಾಕಿಗೆ ಕಟುವಾದ ಪತ್ರವೊಂದು ಹೋದೀತು. ಗಿರಾಕಿಯನ್ನು ಗುರುತಿಸುವುದರಲ್ಲೂ ಇಂಥದೇ ತೊಡಕಿದೆ: ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಶಾಖೆ ಇರುವ ಕಂಪನಿಗೆ ಕರ್ನಾಟಕದ ಸಂಕೇತವಾದ 29ರಿಂದ ಆರಂಭವಾಗುವ ಒಂದು ಜಿಎಸ್‌ಟಿ ಸಂಖ್ಯೆಯೂ ತಮಿಳುನಾಡಿನ ಸಂಕೇತವಾದ 33ರಿಂದ ಆರಂಭವಾಗುವ ಇನ್ನೊಂದೂ ಇರುತ್ತವೆ. ಒಂದನ್ನಷ್ಟೇ ಹುಡುಕಿದರೆ ಅರ್ಧ ಬಾಕಿ ಕಾಣದೆ ಹೋಗುತ್ತದೆ.

ಮೊದಲು ಹೇಳಿದ ಮಾರಾಟದ ಟೂಲ್‌ಗೆ ಹೀಗೊಂದು ವಿವರಣೆ ಬರೆಯಬಹುದು: ‘ಬಿಲ್‌ವಾರು ಮಾರಾಟದ ಮೊತ್ತವನ್ನು ಜಿಎಸ್‌ಟಿ ಬಿಟ್ಟು, ಕ್ರೆಡಿಟ್ ನೋಟ್ ಕಳೆದು, ರೂಪಾಯಿಗಳಲ್ಲಿ ಕೊಡುತ್ತದೆ. ರದ್ದಾದ ಬಿಲ್‌ಗಳು ಸೇರಿಲ್ಲ. ದಿನಾಂಕ ಬಿಲ್ಲಿನದು, ಭಾರತೀಯ ಕಾಲಮಾನದ್ದು. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಕೊಡಬೇಕು. ಒಮ್ಮೆಗೆ 100 ಬಿಲ್‌ಗಳಷ್ಟೇ ಬರುತ್ತವೆ. ಇನ್ನೂ ಇದ್ದರೆ ಮುಂದಿನ ಪುಟವನ್ನು ಕೇಳಬೇಕು. ಆ ಅವಧಿಯಲ್ಲಿ ಬಿಲ್ ಇಲ್ಲದಿದ್ದರೆ ಖಾಲಿ ಪಟ್ಟಿ ಬರುತ್ತದೆ. ಸಂಪರ್ಕ ಕಡಿದಿದ್ದರೆ ದೋಷದ ಸೂಚನೆ ಬರುತ್ತದೆ. ವಸೂಲಾದ ಹಣದ ಲೆಕ್ಕಕ್ಕೆ ಇದನ್ನು ಬಳಸಬಾರದು, ವಸೂಲಿ ಟೂಲ್ ಬಳಸಬೇಕು.’ ಕೊನೆಯ ವಾಕ್ಯದಂಥದನ್ನು ಬರೆಯಲು ಬಹುತೇಕರು ಮರೆಯುತ್ತಾರೆ. 100ರ ಮಿತಿಯನ್ನು ಹೇಳದಿದ್ದರೆ ಆಗುವ ಅನಾಹುತ ಇನ್ನೂ ದೊಡ್ಡದು: ತಿಂಗಳಿಗೆ 340 ಬಿಲ್ ಮಾಡುವ ಅಂಗಡಿಯ ಮೊದಲ 100 ಬಿಲ್‌ಗಳನ್ನಷ್ಟೇ ಕೂಡಿಸಿ, ಅದನ್ನೇ ತಿಂಗಳ ಮಾರಾಟವೆಂದು ಏಜೆಂಟ್ ಹೇಳಬಹುದು. ಮೊತ್ತ ನೋಡಲು ಸಹಜವಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇದಕ್ಕಾಗಿ ಪುಟಗಟ್ಟಲೆ ಬರೆಯಬೇಕಿಲ್ಲ. ಅತಿ ಉದ್ದವಾದರೆ ಮುಖ್ಯ ಮಾತು ಮುಳುಗಿಹೋಗುತ್ತದೆ, ಮಾದರಿ ಓದಬೇಕಾದ ಬರಹ ಹೆಚ್ಚಿದಂತೆ ಖರ್ಚೂ ಏರುತ್ತದೆ. ನನ್ನ ತಕರಾರು ಇರುವುದು ಬರೆಯುವವರ ಆಯ್ಕೆಯ ಬಗ್ಗೆ. ಸದ್ಯ ಪ್ರೋಗ್ರಾಮರ್ ಕೋಡ್ ಮುಗಿಸಿದ ಮೇಲೆ, ಗಡುವಿನ ಹಿಂದಿನ ಸಂಜೆ ಈ ವಿವರಣೆಯನ್ನು ಗೀಚುತ್ತಾರೆ. ಕ್ರೆಡಿಟ್ ನೋಟ್ ಯಾವ ತಿಂಗಳಿಗೆ ಸೇರುತ್ತದೆ ಎಂದು ಬಲ್ಲ ಲೆಕ್ಕಿಗರನ್ನು ಯಾರೂ ಕೇಳುವುದಿಲ್ಲ. ತಂತ್ರಾಂಶ ಕಂಪನಿಗಳು ಅವರನ್ನು ಜೊತೆಗೆ ಕೂರಿಸಿಕೊಳ್ಳಬೇಕು, ಟೂಲ್ ಬದಲಾದಾಗಲೆಲ್ಲ ವಿವರಣೆಯನ್ನೂ ತಿದ್ದಬೇಕು. ರಾಜ್ಯದ ಸಣ್ಣ ಕೈಗಾರಿಕೆಗಳ ಸಂಘವಾದ ಕಾಸಿಯಾ, ವಾಣಿಜ್ಯೋದ್ಯಮ ಮಹಾಸಂಸ್ಥೆಯಾದ ಎಫ್‌ಕೆಸಿಸಿಐನಂಥ ಸಂಸ್ಥೆಗಳು ಸದಸ್ಯರಿಗೆ ಈ ಬಗ್ಗೆ ಒಂದು ದಿನದ ತರಬೇತಿ ಏರ್ಪಡಿಸಬಹುದು.

ಕೊಳ್ಳುವ ಮಾಲೀಕರು ಖರೀದಿಗೆ ಮುನ್ನ ಟೂಲ್‌ಗಳ ವಿವರಣೆಯನ್ನು ಮುದ್ರಿಸಿ ಕೊಡುವಂತೆ ಕೇಳಬೇಕು, ಅದನ್ನು ತಮ್ಮ ಲೆಕ್ಕಿಗರಿಗೆ ಓದಿಸಬೇಕು. ಈಗಾಗಲೇ ಜಿಎಸ್‌ಟಿಆರ್–1 (ಮಾರಾಟದ ಜಿಎಸ್‌ಟಿ ವಿವರಪತ್ರ) ಸಲ್ಲಿಸಿರುವ ಯಾವುದಾದರೂ ಒಂದು ತಿಂಗಳ ಮಾರಾಟವನ್ನು ಏಜೆಂಟ್‌ನಿಂದ ಹೇಳಿಸಿ, ಎರಡೂ ಮೊತ್ತಗಳನ್ನು ತಾಳೆ ನೋಡಬೇಕು. ವ್ಯತ್ಯಾಸ ಬಂದರೆ, ಅದಕ್ಕೆ ಕಾರಣವನ್ನು ಮಾರಾಟಗಾರರು ಬರಹದಲ್ಲಿ ಕೊಡುವವರೆಗೆ ಮುಂಗಡ ಹಣ ಕೊಡಬೇಕಾಗಿಲ್ಲ.

– ಓದುಗ, ಹುಬ್ಬಳ್ಳಿ